ಬಣ್ಣಗಾರನಿಗೆ ಬಂದ ಪತ್ರ

ಮಲಪ್ರಭೆಯ ದಂಡೆಯ ಮೇಲೆ ಎರಡು ಕೋಣೆಯ ಆಶ್ರಮ. ಮುಂದೊಂದು ಹುಣಸೆಮರ, ಗೋಡೆಗೆ ಮರದ ಶಿಲುಬೆ.

ಅಲ್ಲಿ ಸಿಮೆಯೋನಜ್ಜ ಇದ್ದರು. ಒಂದು ಕಾಲಕ್ಕೆ, ಪಾದ್ರಿಗಳಾಗಲು ಓದುವವರಿಗೆ ಕ್ರೈಸ್ತ ಸಭೆಯ ಹಳೆಯ ಚರಿತ್ರೆ ಕಲಿಸಿದವರು. ಈಗ ಎಂಬತ್ತು ದಾಟಿದೆ. ಕೇಳಲು ಬಂದವರಿಗೆ ಹೇಳುತ್ತಾರೆ, ಬರದಿದ್ದರೆ ಸುಮ್ಮನಿರುತ್ತಾರೆ.

ಅವರ ಶಿಷ್ಯ ನಥಾನಪ್ಪ. ಮೂವತ್ತು ವರ್ಷ ಸಂತೆಯಿಂದ ಸಂತೆಗೆ ಖಣ, ಸೀರೆ ಹೊತ್ತು ಮಾರಿದವನು. ಹನ್ನೆರಡು ವರ್ಷದಿಂದ ಪ್ರತಿ ಶುಕ್ರವಾರ ಸತ್ಯವೇದ ಕಲಿಯಲು ಬರುತ್ತಿದ್ದ.

ಸಂಕ್ರಾಂತಿ ಕಳೆದು ಹೊಳೆ ತೆಳ್ಳಗಾಗಿದ್ದ ಒಂದು ಶುಕ್ರವಾರ ಮಧ್ಯಾಹ್ನ ಅವನು ಬಂದಾಗ ಅಜ್ಜ ನೀರಿನ ಅಂಚಿಗೆ ಕೂತು ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದರು. ನಥಾನಪ್ಪನ ಕಂಕುಳಲ್ಲಿ ಉದ್ದದ್ದೊಂದು ಸುರುಳಿ.

"ಏನಪ್ಪಾ, ಖಣ ತಂದೀಯೇನು? ಈ ವಯಸ್ಸಿನ್ಯಾಗ ಯಾರಿಗೆ ಹೊಲಸಲಿ?"

"ಖಣ ಅಲ್ರಿ ಅಜ್ಜಾರ. ಲೋಕದ ಕೊನಿ."

"ಹೌದಾ? ಹಂಗಾರ ತಡಿ, ಇದೊಂದು ಪಾತೇಲಿ ತೊಳದು ಬಿಡ್ತೀನಿ."

ನಥಾನಪ್ಪ ನಗಲಿಲ್ಲ. ಸುರುಳಿ ಬಿಚ್ಚಿ ಮರಳಿನ ಮೇಲೆ ಹಾಸಿದ. ಎಂಟು ಹಾಳೆ ಒಂದಕ್ಕೊಂದು ಅಂಟಿಸಿದ್ದ. ಗಾಳಿಗೆ ಏಳದಂತೆ ನಾಲ್ಕು ಮೂಲೆಗೆ ಅಜ್ಜನ ನಾಲ್ಕು ಪಾತ್ರೆ ಇಟ್ಟ. ಹಾಳೆಯ ತುಂಬ ಏಳು ಕಂಬ, ಏಳಕ್ಕೂ ಬೇರೆ ಬೇರೆ ಬಣ್ಣ. ನಡುವೆ ಏಳು ತಲೆಯ ಮೃಗ. ಅದರ ಮುಖ ಸ್ವಲ್ಪ ಎಮ್ಮೆಯಂತಿತ್ತು.

"ಸತ್ಯವೇದದ ಕಡೀ ಪುಸ್ತಕ, ಯೋಹಾನನ ದರ್ಶನದಾಗ ಏಳು ಊರಿನ ಸಭಿಗೆ ಏಳು ಪತ್ರ ಅದಾವಲ್ರಿ, ಅವು ಊರಲ್ಲ. ಏಳು ಯುಗ. ಎಫೆಸ ಅಂದ್ರ ಅಪೊಸ್ತಲರ, ಕ್ರಿಸ್ತನ ಮೊದಲಿನ ಶಿಷ್ಯರ ಕಾಲ. ಸ್ಮುರ್ನ ಅಂದ್ರ ಹಿಂಸೆಯ ಕಾಲ. ಹಿಂಗ ಬರ್ತಾ ಬರ್ತಾ ಲವೊದಿಕೀಯ ಕಡೀದು. ಬಿಸಿನೂ ಅಲ್ಲದ, ತಣ್ಣಗೂ ಅಲ್ಲದ ಸಭಿ. ನಾವು ಈಗ ಅದರಾಗ ಅದೀವಿ."

"ಅದೀವಿ ಅಂತ ಹೆಂಗ ಹೇಳ್ತಿ?"

"ನಮ್ಮೂರ ದೇವಾಲಯಕ್ಕ ಒಂದು ರವಿವಾರ ಬಂದು ಕೂತು ನೋಡ್ರಿ."

ಅಜ್ಜ ನಕ್ಕರು. "ಸರಿ. ಮೃಗ?"

"ಮೃಗದ ಗುರುತು ಇಲ್ಲದಾಂವ ಕೊಳ್ಳಾಂಗಿಲ್ಲ, ಮಾರಾಂಗಿಲ್ಲ ಅಂತ ಐತಿ. ಈಗ ರೇಷನ್ ಅಂಗಡ್ಯಾಗ ಹೆಬ್ಬಟ್ಟು ಒತ್ತದ ಅಕ್ಕಿ ಕೊಡ್ತಾರೇನು?"

"ನೀ ಒತ್ತಿದಿ?"

"ಮೂರು ಸಲ ಒತ್ತಿದೆ ರಿ. ಮಷೀನಿಗೆ ನನ್ನ ಬೆರಳು ಗೊತ್ತಾಗವಲ್ದು."

"ಅಂದ್ರ ಮೃಗ ನಿನ್ನ ಒಲ್ಲೆ ಅಂತು."

ನಥಾನಪ್ಪ ತುಟಿ ಬಿಗಿದ. ಹಾಳೆಯ ತುದಿಗೆ, ಏಳನೆಯ ಕಂಬದ ಬುಡಕ್ಕೆ ಬೆರಳಿಟ್ಟ. ಅಲ್ಲಿ ಕೆಂಪು ಪೆನ್ಸಿಲಿನಲ್ಲಿ ಒಂದು ವೃತ್ತ.

"ಈ ಈಸ್ಟರ್ ಮುಂಜಾನೆ ರಿ. ಕರ್ತ ಕ್ರಿಸ್ತ ಹೊಳ್ಳಿ ಬರ್ತಾನ. ಸತ್ತವರು ಏಳ್ತಾರ."

ಅಜ್ಜ ಕೈಯ ಬೂದಿ ತೊಳೆದುಕೊಂಡರು.

"ಸತ್ತವರು ಅಂದ್ರ ಯಾರು?"

"ಎಲ್ಲಾರೂ ರಿ."

"ಎಲ್ಲಾರ ಸಲುವಾಗಿ ಯಾರೂ ಎಂಟು ಹಾಳಿ ಅಂಟಸೂದಿಲ್ಲ. ಯಾರು ಹೇಳು."

ನಥಾನಪ್ಪ ಹೊಳೆಯ ಕಡೆ ನೋಡಿದ.

"ಮಾರ್ಥವ್ವ," ಎಂದ.

ಮಾರ್ಥವ್ವ ಅವನ ಹೆಂಡತಿ. ಜ್ವರದಲ್ಲಿ ಹೋಗಿ ಮೂರು ವರ್ಷ. ಒಬ್ಬಳೇ ಮಗಳು ಹನ್ನಾ. ಅವರ ಕಡೆ ಮದುವೆಯ ಮುಂಜಾನೆ ಮಗಳಿಗೆ ಅರಿಷಿಣ ಹಚ್ಚಿ ಎರೆಯುವಾಗ ಮೊದಲ ತಂಬಿಗೆ ನೀರು ತಾಯಿಯೇ ಹಾಕಬೇಕು. ಮಾರ್ಥವ್ವ ಕೊನೆಯ ದಿನ, ಮಾತು ತೊದಲುವಾಗಲೂ, ಅದನ್ನೇ ಹೇಳಿದ್ದಳು: ಹನ್ನಾಳ ತಲೆಗೆ ಮೊದಲ ತಂಬಿಗೆ ನಾನೇ ಹಾಕ್ತೀನಿ.

ಹನ್ನಾಳಿಗೆ ಹುಬ್ಬಳ್ಳಿಯ ವರ ಗೊತ್ತಾಗಿ ವರ್ಷವಾಗಿತ್ತು. ರೈಲ್ವೆಯಲ್ಲಿ ಫಿಟ್ಟರ್, ಯೋನಾತಾನ ಅಂತ. ಒಳ್ಳೆಯ ಹುಡುಗ, ಅವಳಿಗೂ ಮನಸ್ಸಿತ್ತು. ನಥಾನಪ್ಪ ಎರಡು ಸಲ ದಿನ ಮುಂದೆ ಹಾಕಿದ್ದ. ಮೂರನೆಯ ಸಲ ವರನ ಕಡೆಯವರು ನೇರವಾಗಿ ಹೇಳಿ ಕಳಿಸಿದ್ದರು. ಈಸ್ಟರಿಗೆ ಮುಂಚಿನ ನಲವತ್ತು ಉಪವಾಸದ ದಿನಗಳಲ್ಲಿ ಮದುವೆ ಇಲ್ಲ. ಅದು ಶುರುವಾಗುವುದರೊಳಗೆ ಆಗಬೇಕು, ಇಲ್ಲವಾದರೆ ನಾವು ಬೇರೆ ಕಡೆ ನೋಡುತ್ತೇವೆ.

ಮದುವೆಗೆ ಮೊದಲು ಮೂರು ಭಾನುವಾರ ದೇವಾಲಯದಲ್ಲಿ ವಧೂವರರ ಹೆಸರು ಓದಬೇಕು. ಅದಕ್ಕೆ ತಂದೆಯ ಒಪ್ಪಿಗೆ ಪತ್ರ ಪಾದ್ರಿಗಳ ಕೈ ಸೇರಬೇಕು. ದಿನ ಎಣಿಸಿ ನೋಡಿದರೆ ನಾಳೆ, ಶನಿವಾರ ಸಂಜೆಯೇ ಕೊನೆ.

"ಈಸ್ಟರ್ ತನಕ ತಡೀರಿ ಅಂದ್ರ ಕೇಳವಲ್ಲರು," ಎಂದ ನಥಾನಪ್ಪ. "ಎಷ್ಟು ದಿನದ ಮಾತ್ರಿ? ಎರಡು ತಿಂಗಳ ಮ್ಯಾಲ ಸ್ವಲ್ಪ. ಆಕಿ ಎದ್ದು ಬರ್ತಾಳ, ಮೊದಲ ತಂಬಿಗಿ ಹಾಕ್ತಾಳ. ಅಷ್ಟು ದಿನಕ್ಕ ನಾ ಯಾಕ ಆಕಿ ಮಾತು ತಪ್ಪಸಲಿ?"

"ಹನ್ನಾ ಏನಂತಾಳ?"

"'ಅಪ್ಪಾ, ಸಮಾಧಿ ಬಿಟ್ಟು ಬರಾಕಿಗೆ ಹುಬ್ಬಳ್ಳಿ ದಾರಿ ಸಿಗೂದಿಲ್ಲೇನು' ಅಂತಾಳ."

"ಮನ್ಯಾಗ ಗುರು ಇಟ್ಕೊಂಡು ನೀ ಇಲ್ಲಿತನಕ ಯಾಕ ಬಸ್ಸು ಹತ್ತಿ ಬಂದಿ?"

"ಚಾಷ್ಟಿ ಮಾಡಬ್ಯಾಡ್ರಿ ಅಜ್ಜಾರ. ಮೂರು ವರ್ಷ ಕೂತು ಮಾಡೀನಿ ಇದನ್ನ. ತಪ್ಪಿದ್ರ ತೋರಸ್ರಿ. ತಪ್ಪಿಲ್ಲಂದ್ರ ನಾಳಿ ನಾ ಪತ್ರ ಕೊಡಾಂವಲ್ಲ."

ಅಜ್ಜ ಎದ್ದರು. ಮೊಣಕಾಲು ಹಿಡಿದುಕೊಂಡು ಅತ್ತಿತ್ತ ಬಗ್ಗಿ ಏಳು ಕಲ್ಲು ಆರಿಸಿದರು.

ಹಸಿ ಮರಳಿನಲ್ಲಿ ಕೋಲಿನಿಂದ ಉದ್ದಕ್ಕೆ ಒಂದು ಗೆರೆ ಎಳೆದರು.

"ಗೆರಿ ಈಚಿಗೆ ಸಮುದ್ರ. ಆಚಿಗೆ ನೆಲ. ಇಲ್ಲಿ ನೀರಿನ ನಡುವ ಪತ್ಮೊಸ್, ಬರೇ ಕಲ್ಲಿನ ದ್ವೀಪ. ಬ್ಯಾಡಾದವರನ್ನ ರೋಮಿನವರು ಇಂಥ ಕಡೆ ಒಗೀತಿದ್ರು. ಯೋಹಾನ ಇದ್ದದ್ದು ಇಲ್ಲಿ."

ಆಮೇಲೆ ಒಂದೊಂದೇ ಕಲ್ಲು ಇಟ್ಟರು. ಎಫೆಸ ದಡದ ಹತ್ತಿರ. ಅಲ್ಲಿಂದ ಮೇಲೆ ಸ್ಮುರ್ನ. ಇನ್ನೂ ಮೇಲೆ ಪೆರ್ಗಮ. ಅಲ್ಲಿಂದ ಒಳನಾಡಿಗೆ ತಿರುಗಿ ಥುವತೈರ. ಕೆಳಗೆ ಸಾರ್ದಿಸ್, ಫಿಲದೆಲ್ಫಿಯ. ಕೊನೆಗೆ ಲವೊದಿಕೀಯ.

"ಇವು ಆ ಊರುಗಳು ಇದ್ದ ಜಾಗ. ನಾ ಕಟ್ಟಿದ್ದಲ್ಲ, ನೆಲದ ಮ್ಯಾಲ ಹಿಂಗ ಅದಾವ. ಪುಸ್ತಕದಾಗಿನ ಸಾಲಿನ ಪ್ರಕಾರ ನಡಿ ನೋಡೂಣು. ಹೆಗಲ ಮ್ಯಾಲ ಗಂಟು ಐತಿ ಅಂತ ತಿಳಕೋ."

ನಥಾನಪ್ಪ ಚಪ್ಪಲಿ ಬಿಟ್ಟ. ಪತ್ಮೊಸಿನಿಂದ ಹೊರಟ. ಎಫೆಸ, ಸ್ಮುರ್ನ, ಪೆರ್ಗಮ. ಅಲ್ಲಿ ಕಾಲು ತಾನಾಗಿ ಬಲಕ್ಕೆ ಹೊರಳಿತು. ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ.

ನಿಂತು ಹಿಂದೆ ನೋಡಿದ. ಮರಳಿನಲ್ಲಿ ಅವನ ಹೆಜ್ಜೆ, ಎತ್ತಿನ ಲಾಳದ ಹಾಗೆ ಬಾಗಿ ಬಂದಿತ್ತು.

ಬಗ್ಗಿ ಆ ಬಾಗಿನ ಗುಂಟ ಬೆರಳಾಡಿಸಿದ.

"ಇದು ಸುತ್ತು ರಿ," ಎಂದ.

"ಯಾವ ಸುತ್ತು?"

"ಸಂತಿ ಸುತ್ತು. ನಾ ಸೋಮವಾರ ಮುಗಳಿ ಮಾಡಿ, ಮಂಗಳವಾರ ಬೇವಿನಾಳ, ಬುಧವಾರ ಕುರಡಗಿ ಹಿಡೀತಿದ್ದೆ. ಹೋದ ದಾರಿ ಮತ್ತ ತುಳೀದಂಗ. ಪತ್ರ ಒಯ್ಯಾಂವ ಹಂಗ ಹೋಗ್ಯಾನ. ಕಾಲು ಉಳಿಸ್ಯಾನ."

"ಎಫೆಸ ಮೊದಲ ಯಾಕ?"

"ದೋಣಿ ಇಳಿಯೂದ ಅಲ್ಲೇ ಅಲ್ರಿ."

"ಲವೊದಿಕೀಯ ಕಡೀಗೆ ಯಾಕ?"

"ದಾರಿ ಮ್ಯಾಲ ಕಡೀ ಊರು, ಅದಕ್ಕ."

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಪಾತ್ರೆಗಳ ನಡುವೆ ಹಾಸಿದ್ದ ಏಳು ಬಣ್ಣದ ಹಾಳೆಯ ಕಡೆ ತಿರುಗಿದ. ಗಾಳಿಗೆ ಅದರ ನಡು ಉಬ್ಬಿ ಇಳಿಯುತ್ತಿತ್ತು.

"ಯುಗ ಅಲ್ರಿ ಹಂಗಾರ. ಊರ ಅವು."

ಅಜ್ಜ ಕೋಲನ್ನು ಮರಳಿಗೆ ಚುಚ್ಚಿ ನಿಲ್ಲಿಸಿದರು.

ಅಳತೆಯ ಕೋಲು ಸರಿಯಿಲ್ಲ ಎಂದು ತಿಳಿದ ಮೇಲೂ ಅದರಲ್ಲೇ ಅಳೆಯುವ ವ್ಯಾಪಾರಿಗಳಿದ್ದಾರೆ. ನಥಾನಪ್ಪ ಅಂಥವನಲ್ಲ. ಆದರೆ ಮೂರು ವರ್ಷ ಹಿಡಿದ ಕೋಲು, ಕೈಬಿಡಲು ಹೊತ್ತು ಬೇಕು.

"ಊರಾದ್ರ ಆತು. ಮೃಗ ಅಂತೂ ಮುಂದ ಬರೂದಲ್ರಿ?"

"ಅದರ ಏಳು ತಲಿ ಅಂದ್ರ ಏಳು ಗುಡ್ಡ ಅಂತ ಬರದಾನ. ಏಳು ಗುಡ್ಡದ ಊರು ಯಾವುದಂತ ಆಗಿನ ಕುರಿ ಕಾಯಾಂವನ್ನ ಕೇಳಿದ್ರೂ ಹೇಳ್ತಿದ್ದ. ರೋಮ್."

"ರೋಮ್ ಅಂತ ಬರೀಬೇಕಾಗಿತ್ತು. ಬಾಬೆಲ್ ಅಂತ ಹಳೇ ಪಟ್ಣದ ಹೆಸರು ಯಾಕ ಬರದ?"

"ಸೆರ‍್ಯಾಗ ಇದ್ದಾಂವ. ಪತ್ರ ಕಾವಲಿನವರ ಕಣ್ಣು ದಾಟಬೇಕು. ನೀ ಆಗಿದ್ರ ಹೆಸರು ಬರೀತಿದ್ದೇನು?"

"ಹುಚ್ಚ ಅಲ್ರಿ ನಾ."

"ಅವನೂ ಅಲ್ಲ."

ಅಜ್ಜ ಮರಳಿನ ಮೇಲೆ ಕೂತರು. "ನೀರೋ ಅಂತ ದೊರಿ ಇದ್ದ. ರೋಮಿಗೆ ಬೆಂಕಿ ಬಿತ್ತು. ದೊರಿನೇ ಹಚ್ಚಿಸಿದ ಅಂತ ಮಂದಿ ಪಿಸುಗುಟ್ಟಿದ್ರು. ಅವ ಕ್ರಿಸ್ತನವರ ಕಡೆ ಬಟ್ಟು ಮಾಡಿದ. ತನ್ನ ತೋಟದಾಗ ಅವರನ್ನ ಕಂಬಕ್ಕ ಕಟ್ಟಿ ದೀಪದ ಬದಲಿ ಉರಿಸಿದ. ಆಮ್ಯಾಲ ಬಂದ ದೊರಿಗಳು ಅಷ್ಟು ದೊಡ್ಡದಾಗಿ ಮಾಡಲಿಲ್ಲ. ಸಣ್ಣದಾಗಿ, ಊರೂರಿಗೆ ಮಾಡಿದ್ರು."

"ಸಣ್ಣದಾಗಿ ಅಂದ್ರ?"

ಅಜ್ಜ ನಾಲ್ಕನೆಯ ಕಲ್ಲು ಕೈಗೆತ್ತಿಕೊಂಡರು.

"ಇದು ಥುವತೈರ. ನಿನ್ನಂಥವರ ಊರು. ನೇಕಾರರು, ಬಟ್ಟಿಗೆ ಬಣ್ಣ ಹಾಕೂ ಬಣ್ಣಗಾರರು. ಒಂದೊಂದು ಕಸುಬಿಗೆ ಒಂದೊಂದು ಸಂಘ. ಸಂಘದ ಊಟ ದೇವರ ಮುಂದ, ದೊರಿನೂ ದೇವರಂತ ಅವನ ಮೂರ್ತಿಗೆ ಒಂದು ಚಿಟಿಕಿ ಧೂಪ. ಧೂಪ ಹಾಕದಾಂವಗ ಸಂಘ ಇಲ್ಲ. ಸಂಘ ಇಲ್ಲದಾಂವಗ—"

"ಸಂತಿ ಇಲ್ಲ," ಎಂದ ನಥಾನಪ್ಪ.

ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಅವನು ತನ್ನ ಹೆಬ್ಬೆರಳು ನೋಡಿಕೊಂಡ.

"ಒಂದು ಚಿಟಿಕಿ ಅಷ್ಟೇ ಏನ್ರಿ?"

"ಅಷ್ಟೇ."

"ಹಾಕಿಬಿಡಬಹುದಾಗಿತ್ತು."

"ಬಾಳ ಮಂದಿ ಹಾಕಿದ್ರು. ಹಾಕಿ ಮನಿಗೆ ಹೋಗಿ ಉಂಡ್ರು. ಕೆಲವರಿಗೆ ಕೈ ಬರಲಿಲ್ಲ."

ಕಲ್ಲನ್ನು ನಥಾನಪ್ಪನ ಅಂಗೈಯಲ್ಲಿಟ್ಟರು.

"ಅಂಥಾ ಒಬ್ಬ ಬಣ್ಣಗಾರ ಅಂತ ತಿಳಕೋ. ಹೆಂಡತಿನ್ನ ಧೂಪದ ಮುಂದ ನಿಲ್ಲಿಸಿದ್ರು. ಆಕಿ ಒಲ್ಲೆ ಅಂದ್ಲು. ಆಕಿ ಹೊಳ್ಳಿ ಬರಲಿಲ್ಲ. ರವಿವಾರ ಯಾರದೋ ಮನಿ ಒಳಗಿನ ಕ್ವಾಣ್ಯಾಗ ಹದಿನೈದು ಮಂದಿ ಕೂತಾರ. ಇವನೂ ಕೂತಾನ. ಉಗುರಿನ್ಯಾಗಿನ ಕೆಂಪು ಬಣ್ಣ ಇನ್ನೂ ಹೋಗಿಲ್ಲ. ಪತ್ರ ಹೊತ್ತಾಂವ ಬಂದು ನಿಂತು ಓದ್ತಾನ. ನಂಬಿಕಿ ಸಲುವಾಗಿ ಸತ್ತವರು 'ಇನ್ನೆಷ್ಟು ದಿನ' ಅಂತ ಕೂಗ್ತಾರ ಅಂತ ಐತಿ ಅದರಾಗ. ಇವಗ ಆಕಿ ಧ್ವನಿ ಕೇಳ್ತದ. ಕಣ್ಣೀರು ದೇವರು ಒರಸ್ತಾನ ಅಂತ ಐತಿ. ಇವ ತನ್ನ ಕಣ್ಣು ಮುಟ್ಟಿ ನೋಡ್ಕೊತಾನ."

ಹೊಳೆಯ ನಡುವೆ ಒಂದು ಕೊಕ್ಕರೆ ನಿಂತಲ್ಲೇ ನಿಂತಿತ್ತು.

"ಅವನ ಪತ್ರ ಕಸಗೊಂಡು ನೀ ಪಂಚಾಂಗ ಮಾಡ್ಕೊಂಡಿ, ನಥಾನಪ್ಪ."

ನಥಾನಪ್ಪನ ಮುಖ ಕಪ್ಪಿಟ್ಟಿತು. ಕಲ್ಲನ್ನು ಮರಳಿಗೆ ಒಗೆದ.

"ಪತ್ರ ಅವಂದು. ಸರಿ. ನನಗೇನು ಉಳೀತ್ರಿ? ಅವಗ ಬೈಯಾಕ ರೋಮ್ ಆದ್ರೂ ಇತ್ತು. ಮಾರ್ಥವ್ವನ್ನ ಯಾವ ದೊರಿನೂ ಒಯ್ಯಲಿಲ್ಲ. ನಾಕು ದಿನದ ಜ್ವರ ಒಯ್ತು. ಆಕಿ ಸೀರಿ ಇನ್ನೂ ಗೂಟಕ್ಕ ಐತಿ. ಬಾಗಲಾ ಸಪ್ಪಳಾದ್ರ ಇವತ್ತಿಗೂ ತಿರುಗಿ ನೋಡ್ತೀನಿ. ನಿಮಗೇನು ಗೊತ್ತಾಗ್ತದ? ದಾರಿ ನೋಡೂ ಹೆಂಡತಿ ನಿಮಗಿಲ್ಲ."

ಅಂದ ಮೇಲೆ ತಲೆ ತಗ್ಗಿಸಿದ.

ಅಜ್ಜನಿಗೆ ಸಿಟ್ಟು ಬರಲಿಲ್ಲ. ಹಾಸಿದ್ದ ಹಾಳೆಯ ಹತ್ತಿರ ಸರಿದು, ಮೃಗದ ಏಳು ತಲೆಗಳನ್ನು ಒಂದೊಂದಾಗಿ ನೋಡಿದರು.

"ನಂದು ಇದಕ್ಕಿಂತ ಚಂದ ಇತ್ತು," ಎಂದರು. "ನಂದರಾಗ ಮೃಗಕ್ಕ ಎಮ್ಮಿ ಮುಖ ಇರಲಿಲ್ಲ."

"ನಿಮ್ದು?"

"ಅರವತ್ತೆರಡನೇ ಇಸ್ವಿ. ಎಂಟು ಗ್ರಹ ಒಂದ ಕಡೆ ಕೂಡ್ತಾವ, ಲೋಕ ಮುಗೀತದ ಅಂತ ಊರೆಲ್ಲ ಗುಲ್ಲು. ನಾ ಗ್ರಹ ನಂಬಲಿಲ್ಲ. ಗ್ರಹ ನಂಬಾವರನ್ನ ನೋಡಿ ನಕ್ಕೆ. ನಂದು ಸತ್ಯವೇದದ್ದು, ಇದ ಯೋಹಾನನ ದರ್ಶನದಾಗಿನ ಏಳು ಮುದ್ರಿ ಲೆಕ್ಕ. ಅದೂ ಅದ ವರ್ಷಕ್ಕ ಬಂದು ನಿಂತಿತ್ತು."

"ಆಮ್ಯಾಲ?"

"ಎಲಿಶೆಬಾ ಅಂತ ಒಬ್ಬಾಕಿ. ಮಾತು ಆಗಿತ್ತು. ಕರ್ತ ಬರೂ ಹೊತ್ತಿನ್ಯಾಗ ಮದುವಿ ಯಾಕ, ತಡಿ ಅಂದೆ. ಒಂದು ವರ್ಷ ತಡದ್ಲು. ನಾ ಹಾಳಿ ತಿದ್ದಿದೆ. ಇನ್ನೊಂದು ವರ್ಷ ತಡದ್ಲು. ಆಮ್ಯಾಲ ಕಾರವಾರದ ಮಾಸ್ತರೊಬ್ಬನ್ನ ಮದುವಿ ಆದ್ಲು."

"ಮತ್ತ ಲೋಕ?"

"ಲೋಕಕ್ಕೇನಾಗಿತ್ತು. ಮರುದಿನ ಹಾಲಿನಾಂವ ಬಂದ."

ನಥಾನಪ್ಪ ನಗಬಾರದು ಎಂದುಕೊಂಡ. ಆದರೂ ಅರ್ಧ ನಗೆ ಬಂತು, ಅರ್ಧಕ್ಕೇ ನಿಂತಿತು.

"ಈಗೂ ನೋಡ್ತೀರೇನ್ರಿ ದಾರಿ? ಕರ್ತಂದು?"

"ದಿನಾ."

"ಹೆಂಗ?"

ಅಜ್ಜ ಹಾಳೆಯ ಮೂಲೆಯಿಂದ ಒಂದು ಪಾತ್ರೆ ತೆಗೆದು ಅವನ ಕೈಗೆ ಕೊಟ್ಟರು. ಬೂದಿ ಹಚ್ಚಿದ್ದು, ಇನ್ನೂ ತೊಳೆದಿರಲಿಲ್ಲ.

"ಆ ಕಾಲದವರು ಊಟದ ಕಡೀಗೆ 'ಕರ್ತನೇ, ಬಾ' ಅಂತಿದ್ರು. ಇವತ್ತ ಬರ್ತಾನ ಅಂತ ನಂಬೇ ಅಂತಿದ್ರು. ಅಂದು ಎದ್ದು ಪಾತ್ರಿ ತೊಳೀತಿದ್ರು."

ನಥಾನಪ್ಪ ಪಾತ್ರೆ ಹಿಡಿದು ನೀರಿನ ಅಂಚಿಗೆ ಕೂತ. ತೊಳೆಯತೊಡಗಿದ. ಅಜ್ಜ ಪಕ್ಕದಲ್ಲಿ ಕೂತರು.

"ನೀ ಸುತ್ತಿಗೆ ಹೋದಾಗ ಮಾರ್ಥವ್ವ ಏನು ಮಾಡ್ತಿದ್ಲು?"

"ದಾರಿ ನೋಡ್ತಿದ್ಲು."

"ಅದು ಗೊತ್ತದ. ನೋಡ್ಕೋತ ಏನು ಮಾಡ್ತಿದ್ಲು?"

ನಥಾನಪ್ಪನ ಕೈ ನಿಧಾನವಾಯಿತು.

"ಸಂಜಿ ಆದ್ರ ಹಂಡೇಕ್ಕ ನೀರು ಹಾಕಿ ಒಲಿ ಹೊತ್ತಸ್ತಿದ್ಲು ರಿ. ನನ್ನ ಸ್ನಾನಕ್ಕ. ಧೂಳಾಗಿ ಬರ್ತಿದ್ದೆ."

"ನೀ ಬರೂ ದಿನ ಗೊತ್ತಿರ್ತಿತ್ತೇನು?"

"ಎಲ್ಲಿದ್ರಿ. ಹಳ್ಳ ಬಂದ್ರ ಎರಡು ದಿನ ಹಿಂದ ಬೀಳ್ತಿದ್ದೆ. ಬಸ್ಸು ಕೆಟ್ರ ಒಂದು ದಿನ. ಫೋನ್ ಇರಲಿಲ್ಲ ಆಗ. ಆದ್ರ ದಿನಾ ಸಂಜಿ ಹಂಡೆ ಒಲಿ ಮ್ಯಾಲ ಇರೂದ. 'ಇವತ್ತ ಬಂದ್ರ?' ಅಂತಿದ್ಲು. ಒಂದ ಮಾತು. 'ಇವತ್ತ ಬಂದ್ರ?'"

"ನೀ ಬರದಿದ್ದ ದಿನ ಆ ನೀರು ಏನಾಗ್ತಿತ್ತು?"

"ಹನ್ನಾಗ ಎರೀತಿದ್ಲು. ಉಳದ್ರ ಬಾಜೂ ಮನಿ ಮುದುಕಿಗೆ ಕೊಡ್ತಿದ್ಲು."

"'ತಡಿ, ನಿಮ್ಮಪ್ಪ ಬರಲಿ, ಆಮ್ಯಾಲ ನಿನಗ ಎರೀತೀನಿ' ಅಂತ ಕೂಸಿಗೆ ಅಂತಿರಲಿಲ್ಲ?"

ನಥಾನಪ್ಪ ಪಾತ್ರೆಯನ್ನು ಹರಿಯುವ ನೀರಿಗೆ ಹಿಡಿದ.

ಪಾತ್ರೆಯೊಳಗಿನ ನೀರು ನೋಡುತ್ತ ಕೂತ. ಅದು ತುಂಬಿ, ಅಂಚಿನ ಮೇಲಿಂದ ಮತ್ತೆ ಹೊಳೆಗೇ ಹೋಗುತ್ತಿತ್ತು.

ಬಿಸಿಲು ಹುಣಸೆಮರದ ಆಚೆ ಸರಿಯಿತು. ನಾಲ್ಕರ ಬಸ್ಸು ದೂರದ ತಿರುವಿನಲ್ಲಿ ಹಾರ್ನ್ ಹಾಕಿತು.

ನಥಾನಪ್ಪ ಎದ್ದ. ಪಾತ್ರೆ ಬೋರಲು ಹಾಕಿ, ಹಾಳೆಯ ಹತ್ತಿರ ಹೋಗಿ, ಕೊನೆಯ ಹಾಳೆಯನ್ನು ಅಂಟಿನ ಗುಂಟ ಹರಿದ. ಲವೊದಿಕೀಯದ ಕಂಬ ಇದ್ದ ಹಾಳೆ ಅದು. ಹಿಂಭಾಗ ಖಾಲಿ ಇತ್ತು.

"ಪೆನ್ನು ಐತೇನ್ರಿ?"

ಅಜ್ಜ ಒಳಗಿನಿಂದ ತಂದು ಕೊಟ್ಟರು.

ಅವನು ತೊಡೆಯ ಮೇಲಿಟ್ಟುಕೊಂಡು ಬರೆದ. ನನ್ನ ಮಗಳು ಹನ್ನಾಳನ್ನು ಹುಬ್ಬಳ್ಳಿಯ ಯೋನಾತಾನನಿಗೆ ಕೊಡಲು ನನ್ನ ಪೂರ್ಣ ಒಪ್ಪಿಗೆ ಇದೆ. ಈ ಭಾನುವಾರದಿಂದ ಹೆಸರು ಓದಬೇಕಾಗಿ ವಿನಂತಿ. ಹಾಳೆಯ ಆ ಬದಿಯಿಂದ ಕೆಂಪು ವೃತ್ತ ಅಕ್ಷರಗಳ ನಡುವೆ ಮಸುಕಾಗಿ ಕಾಣುತ್ತಿತ್ತು. ಅದರ ಮೇಲೆಯೇ ಸಹಿ ಹಾಕಿದ.

ಮಡಚಿ ಜೇಬಿಗಿಟ್ಟು ನಾಲ್ಕು ಹೆಜ್ಜೆ ಹೋದ. ತಿರುಗಿ ಬಂದ.

"ಅಜ್ಜಾರ, ಮದುವಿ ಮುಂಜಾನೆ ಮೊದಲ ತಂಬಿಗಿ ಯಾರು ಹಾಕಬೇಕ್ರಿ?"

"ನೀ ಹಾಕು."

"ಮತ್ತ ಆಕಿ?"

ಅಜ್ಜ ಬಗ್ಗಿ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು ಎತ್ತಿಕೊಂಡರು. ಹೊಳೆಯ ಆಚೆ ದಂಡೆಯನ್ನು ಒಂದು ಕ್ಷಣ ನೋಡಿದರು.

"ಹಂಡೇದಾಗ ಇನ್ನೊಬ್ಬರಿಗೆ ಆಗೂವಷ್ಟು ನೀರು ಹೆಚ್ಚಿಗಿ ಇಡು."